ನಾಲ್ಕು ಪದರದ ಗಾಜ್ ಮಾಸ್ಕ್: 1918ರ ಸರಕು, ಕಲಬುರಗಿಯ ಬಿಸಿಲು

ಕಲಬುರಗಿಯ ಸೂಪರ್ ಮಾರ್ಕೆಟ್ ಸುತ್ತಮುತ್ತ ಮೂರು ಬಗೆಯ ಮಾಸ್ಕ್ ಸಲೀಸಾಗಿ ಸಿಗುತ್ತವೆ: ಔಷಧ ಅಂಗಡಿಯ ನೀಲಿ ಬಣ್ಣದ ಮೂರು ಪದರದ್ದು, ಅಲ್ಲೇ ಸಿಗುವ ಎನ್95, ಮತ್ತು ಹೊಲಿಸಿದ ಬಟ್ಟೆಯದು. ನಾಲ್ಕನೆಯದೊಂದಿದೆ, ಅದು ಸಿದ್ಧವಾಗಿ ಸಿಗುವುದಿಲ್ಲ. ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯನ್ನು ನಾಲ್ಕು ಪದರ ಮಡಚಿ, ನಾಲ್ಕು ಮೂಲೆಗೆ ಲಾಡಿ ಹೊಲಿದರೆ ಅದು ತಯಾರಾಗುತ್ತದೆ. 1918ರ ಇನ್‌ಫ್ಲುಯೆನ್ಸಾ ಕಾಲದಲ್ಲಿ ಅಮೆರಿಕದ ಹಲವು ನಗರಗಳ ಜನ ಕಟ್ಟಿಕೊಂಡು ಓಡಾಡಿದ್ದು ಇಂಥದ್ದನ್ನೇ. ಈ ವಿಮರ್ಶೆ ಮುಖ್ಯವಾಗಿ ಆ ಮಾಸ್ಕಿನದು. ಉಳಿದ ಮೂರನ್ನು ಅದರ ಪಕ್ಕದಲ್ಲಿಟ್ಟು ತೂಗಿದ್ದೇವೆ.

ನೂರು ವರ್ಷ ಹಿಂದಿನ ಸರಕನ್ನು ಈಗ ಎತ್ತಿಕೊಳ್ಳಲು ಕಾರಣವಿದೆ. ಭಾರತದ ಮೊದಲ ಕೋವಿಡ್ ಸಾವು 2020ರ ಮಾರ್ಚ್‌ನಲ್ಲಿ ದಾಖಲಾದದ್ದು ಕಲಬುರಗಿಯಲ್ಲಿ. ಆಮೇಲೆ ಈ ಊರಲ್ಲಿ ಮಾಸ್ಕಿನ ಬಗ್ಗೆ ಕೇಳಿಬಂದ ಮಾತುಗಳು, ‘ಕಟ್ಟಿದ್ರ ಉಸುರು ಕಟ್ಟತದ್ರಿ’, ‘ಕಟ್ಟಿಕೊಂಡವ್ರಿಗೂ ಬಂದದಲ್ಲ’, ಇವು ಹೊಸವಲ್ಲ. 1919ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಜನರ ತಕರಾರೂ ಹೆಚ್ಚುಕಮ್ಮಿ ಇದೇ ಆಗಿತ್ತು. ಆ ತಕರಾರನ್ನು ಬರೀ ಮೊಂಡುತನ ಎಂದು ತಳ್ಳಿಹಾಕುವುದು ತಪ್ಪು. ಅದರಲ್ಲಿ ಅರ್ಧ ನಿಜವಿತ್ತು. ದೋಷ ಮಾಸ್ಕಿನಲ್ಲೇ ಇತ್ತು. ಅದನ್ನು ಹೇಳದೆ ಇಲ್ಲದ ಗುಣವನ್ನೂ ಸೇರಿಸಿ ಹೊಗಳಿದ್ದರಿಂದ ಜನರ ನಂಬಿಕೆ ಹೋಯಿತು. ಇವತ್ತು ಮಾಸ್ಕ್ ಕೊಳ್ಳುವವರಿಗೆ ಆ ದೋಷ ಯಾವುದೆಂದು ಗೊತ್ತಿದ್ದರೆ ಅಂಗಡಿಯಲ್ಲಿ ಏನು ನೋಡಬೇಕು ಎಂಬುದೂ ಗೊತ್ತಾಗುತ್ತದೆ.

ಮೊದಲು ಬಟ್ಟೆ. ಗಾಜ್ ಥಾನಿನಿಂದ ಒಂದು ತುಂಡು ಕತ್ತರಿಸಿ ಮಧ್ಯಾಹ್ನದ ಬಿಸಿಲಿಗೆ ಎತ್ತಿ ಹಿಡಿಯಿರಿ. ಎಳೆ ಎಳೆಯೂ ಬೇರೆ ಬೇರೆ ಕಾಣುತ್ತದೆ. ಎರಡು ಎಳೆಗಳ ನಡುವಿನ ಕಂಡಿ ಸುಮಾರು ಒಂದು ಮಿಲಿಮೀಟರ್. ಒಂದು ಪದರದ ಹಿಂದೆ ಮಾತ್ರೆಯ ಚೀಟಿ ಇಟ್ಟರೆ ಅಕ್ಷರ ಓದಬಹುದು. ನಾಲ್ಕು ಪದರ ಮಡಚಿದಾಗ ಒಂದರ ಕಂಡಿಗೆ ಇನ್ನೊಂದರ ಎಳೆ ಅಡ್ಡ ಬಂದು ಸ್ವಲ್ಪ ಮುಚ್ಚುತ್ತದೆ, ಆದರೂ ಬೆಳಕು ಚುಕ್ಕಿ ಚುಕ್ಕಿಯಾಗಿ ತೂರಿಯೇ ಬರುತ್ತದೆ. ಕೆಮ್ಮಿದಾಗ ಹಾರುವ ದಪ್ಪ ಹನಿಗಳು ಇದಕ್ಕೆ ಬಡಿದು ನಿಲ್ಲುತ್ತವೆ. ಸಣ್ಣ ಹನಿಗಳು ಗಾಳಿಯ ಜೊತೆಗೇ ತಿರುಗಿ ಕಂಡಿಯಿಂದ ಆಚೆ ಹೋಗುತ್ತವೆ. ಇನ್‌ಫ್ಲುಯೆನ್ಸಾ ವೈರಸ್ಸಿನ ಗಾತ್ರ ಸುಮಾರು 0.1 ಮೈಕ್ರಾನ್, ಅಂದರೆ ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲು. ಬಿಡಿ ವೈರಸ್ ಹಾರಾಡುವುದು ಕಡಿಮೆ, ಅದು ಹನಿಯೊಳಗೇ ಇರುತ್ತದೆ, ಹಾಗಾಗಿ ಲೆಕ್ಕಕ್ಕೆ ಬರುವುದು ಹನಿಯ ಗಾತ್ರ. 1918ರಲ್ಲಿ ಇದಾವುದೂ ಸ್ಪಷ್ಟವಿರಲಿಲ್ಲ. ಬಹಳ ವೈದ್ಯರು ರೋಗಕ್ಕೆ ಫೈಫರ್ ಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ ಕಾರಣವೆಂದು ನಂಬಿದ್ದರು. ಮನುಷ್ಯರ ಇನ್‌ಫ್ಲುಯೆನ್ಸಾ ವೈರಸ್ ಪತ್ತೆಯಾದದ್ದು 1933ರಲ್ಲಿ.

ಇಂಥ ಬಟ್ಟೆಯನ್ನು ಸ್ಯಾನ್ ಫ್ರಾನ್ಸಿಸ್ಕೊ ಕಾನೂನು ಮಾಡಿ ಕಟ್ಟಿಸಿತು. 1918ರ ಅಕ್ಟೋಬರ್ ಕೊನೆಯ ವಾರದಲ್ಲಿ ಆದೇಶ ಬಂತು. ಬೆಣ್ಣೆ ಸೋಸುವಂಥ ತೆಳು ಬಟ್ಟೆ ಅಥವಾ ಒತ್ತಾದ ಗಾಜ್, ನಾಲ್ಕು ಪದರ, ಮೂಗು ಬಾಯಿ ಎರಡೂ ಮುಚ್ಚಿರಬೇಕು, ಊಟದ ಹೊತ್ತಿಗೆ ಮಾತ್ರ ವಿನಾಯಿತಿ. ತಪ್ಪಿದರೆ 5ರಿಂದ 100 ಡಾಲರ್ ದಂಡ, ಇಲ್ಲವೇ 10 ದಿನದವರೆಗೆ ಜೈಲು. ರೆಡ್‌ಕ್ರಾಸ್ ಕಾರ್ಯಕರ್ತರು 10 ಸೆಂಟಿಗೆ ಒಂದರಂತೆ ಮಾರಿದರು. ಮಾಸ್ಕ್ ಇನ್‌ಫ್ಲುಯೆನ್ಸಾವನ್ನು ನೂರಕ್ಕೆ 99 ಪಾಲು ತಡೆಯುತ್ತದೆ ಎಂದು ಜಾಹೀರಾತು ಬಂತು. ಕೆಟ್ಟದ್ದು ಇಲ್ಲೇ ಎಂಬುದು ನಮ್ಮ ಅಭಿಪ್ರಾಯ. ಕಂಡಿ ಕಣ್ಣಿಗೇ ಕಾಣುವ ಬಟ್ಟೆಗೆ 99ರ ಭರವಸೆ ಕೊಟ್ಟರೆ, ಕಟ್ಟಿಕೊಂಡವನಿಗೆ ಜ್ವರ ಬಂದ ದಿನವೇ ಆ ಭರವಸೆ ಸುಳ್ಳಾಗುತ್ತದೆ.

ಆದರೂ ಶುರುವಿನಲ್ಲಿ ಜನ ಒಪ್ಪಿಕೊಂಡು ಕಟ್ಟಿದರು. ಯುದ್ಧದ ಕಾಲ ಬೇರೆ, ಮಾಸ್ಕ್ ಕಟ್ಟದವನನ್ನು ಯುದ್ಧಕ್ಕೆ ಬೆನ್ನು ತೋರಿಸಿದವನಿಗೆ ಸಮ ಎಂದು ಬಯ್ಯುತ್ತಿದ್ದರು. ಸಿಯಾಟಲ್‌ನಲ್ಲಿ ಮಾಸ್ಕ್ ಇಲ್ಲದವರನ್ನು ಟ್ರಾಮಿಗೆ ಹತ್ತಿಸುತ್ತಿರಲಿಲ್ಲ. ಅದೇ ಹೊತ್ತಿಗೆ ಚುರುಟು ಸೇದಲು ಮಾಸ್ಕಿಗೆ ತೂತು ಕೊರೆದವರಿದ್ದರು, ತೆಳು ಮುಸುಕಿನ ಬಟ್ಟೆಯನ್ನೇ ಮಾಸ್ಕ್ ಎಂದವರಿದ್ದರು, ಗದ್ದಕ್ಕೆ ಇಳಿಸಿಕೊಂಡವರಿದ್ದರು. ಸ್ಯಾನ್ ಫ್ರಾನ್ಸಿಸ್ಕೊದ ಮೇಯರ್ ಜೇಮ್ಸ್ ರಾಲ್ಫ್ ಅವರೇ ಬಾಕ್ಸಿಂಗ್ ಪಂದ್ಯದಲ್ಲಿ ಮಾಸ್ಕ್ ಇಲ್ಲದೆ ಫೋಟೋಗೆ ಸಿಕ್ಕಿ 50 ಡಾಲರ್ ದಂಡ ಕಟ್ಟಿದರು. ಆದೇಶ ಹೊರಡಿಸಿದವರೇ ಪಾಲಿಸದಿದ್ದರೆ ಬೀದಿಯ ಮನುಷ್ಯನಿಗೆ ಏನನ್ನಿಸಿರಬೇಡ! ನವೆಂಬರ್ 21ರ ಮಧ್ಯಾಹ್ನ ಸೈರನ್ ಊದಿ ಮಾಸ್ಕ್ ತೆಗೆಯಲು ಅನುಮತಿ ಕೊಟ್ಟಾಗ ಜನ ಅವನ್ನು ಕಿತ್ತು ರಸ್ತೆಗೆ ಎಸೆದರು. ಜ್ವರ ಮತ್ತೆ ಏರಿತು. 1919ರ ಜನವರಿ 17ರಿಂದ ಮಾಸ್ಕ್ ಮತ್ತೆ ಕಡ್ಡಾಯವಾದಾಗ ಮಾಸ್ಕ್ ವಿರೋಧಿ ಕೂಟವೇ ಹುಟ್ಟಿತು. ಅದರ ಸಭೆಗೆ ಸಾವಿರಾರು ಜನ ಸೇರಿದರು, ಅವರಲ್ಲಿ ವೈದ್ಯರೂ ವ್ಯಾಪಾರಿಗಳೂ ಇದ್ದರು. ಫೆಬ್ರವರಿ 1ಕ್ಕೆ ಆದೇಶ ಹಿಂದೆ ಹೋಯಿತು.

ಆ ವೈದ್ಯರ ಅನುಮಾನಕ್ಕೆ ಪುರಾವೆ ಕೊಟ್ಟವರು ಕ್ಯಾಲಿಫೋರ್ನಿಯಾದ ಆರೋಗ್ಯ ಮಂಡಳಿಯ ಕಾರ್ಯದರ್ಶಿ ವಿಲ್ಫ್ರೆಡ್ ಕೆಲ್ಲಾಗ್. ಮಾಸ್ಕ್ ಕಟ್ಟಿದ ಸ್ಟಾಕ್‌ಟನ್ ನಗರ, ಕಟ್ಟದ ಬಾಸ್ಟನ್ ನಗರ, ಎರಡರ ಸಾವಿನ ಏರಿಳಿತವನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರು. ದೊಡ್ಡ ವ್ಯತ್ಯಾಸ ಕಾಣಲಿಲ್ಲ. 1920ರಲ್ಲಿ ಪ್ರಯೋಗಾಲಯದಲ್ಲಿ ಗಾಜ್ ಪದರಗಳ ಮೂಲಕ ಬ್ಯಾಕ್ಟೀರಿಯಾ ಬೆರೆಸಿದ ತುಂತುರು ಹಾಯಿಸಿ ಪರೀಕ್ಷಿಸಿದರು. ಅವರು ಕಂಡುಕೊಂಡದ್ದು ಈ ವಿಮರ್ಶೆಯ ನಡುಗಂಬ: ಉಪಯೋಗವಾಗುವಷ್ಟು ಒತ್ತಾಗಿ ಪದರ ಸೇರಿಸಿದರೆ ಉಸಿರಾಡುವುದು ಕಷ್ಟವಾಗುತ್ತದೆ, ಆಗ ಗಾಳಿ ಬಟ್ಟೆಯನ್ನು ಬಿಟ್ಟು ಅಂಚಿನಿಂದ ನುಗ್ಗುತ್ತದೆ. ಗಾಳಿ ಯಾವಾಗಲೂ ಸುಲಭದ ದಾರಿ ಹಿಡಿಯುತ್ತದೆ. ಮೂಗಿನ ಇಕ್ಕೆಲದಲ್ಲಿ ಕಿರುಬೆರಳು ತೂರುವಷ್ಟು ಸಂದು ಬಿಟ್ಟು ಎಂಟು ಪದರ ಕಟ್ಟಿದರೂ, ಎಳೆದ ಗಾಳಿಯ ಬಹುಪಾಲು ಆ ಸಂದಿನಿಂದಲೇ ಬರುತ್ತದೆ. ಜನ ಮಾಸ್ಕನ್ನು ರಸ್ತೆಯಲ್ಲಿ ಕಟ್ಟಿಕೊಂಡು, ಮನೆಯಲ್ಲಿ, ಕಚೇರಿಯಲ್ಲಿ, ಅಂದರೆ ಸೋಂಕು ಹತ್ತುವ ಕಡೆಯಲ್ಲೇ ತೆಗೆದಿಡುತ್ತಿದ್ದರು ಎಂಬುದನ್ನೂ ಅವರು ಗುರುತಿಸಿದ್ದರು.

1918ರ ಮಾದರಿಯನ್ನು ಇಲ್ಲಿನ ಸಾಮಾನಿನಲ್ಲಿ ಹೊಲಿಸಿದರೆ ಏನಾಗುತ್ತದೆಂದು ಹೇಳುವುದು ಸುಲಭ. ಲಾಡಿ ಬಿಗಿದರೆ ಬಟ್ಟೆ ಮೂಗಿನ ತುದಿಗೆ ಒತ್ತುತ್ತದೆ, ಕೆನ್ನೆಯ ಹತ್ತಿರ ಬಾಯಿ ಬಿಡುತ್ತದೆ. ಮೂಗಿನ ಮೇಲೆ ಬಗ್ಗಿಸಿ ಕೂರಿಸಲು ತಂತಿ ಇಲ್ಲ. ಗಾಜ್ ಬಟ್ಟೆಗೆ ಬಿಗಿತನವೂ ಇಲ್ಲ, ಉಸಿರೆಳೆದಾಗಲೆಲ್ಲ ತುಟಿಗೆ ಅಂಟುತ್ತದೆ. ಏಪ್ರಿಲ್‌ನಲ್ಲಿ ಕಲಬುರಗಿಯ ಬಿಸಿಲು 42 ಡಿಗ್ರಿ ದಾಟಿದಾಗ ಬೆವರು ಸೇರಿ ಒದ್ದೆಯಾಗುತ್ತದೆ, ಒದ್ದೆ ಹತ್ತಿಯಲ್ಲಿ ಗಾಳಿ ಆಡುವುದಿಲ್ಲ, ಕೈ ತಾನಾಗಿಯೇ ಮಾಸ್ಕನ್ನು ಗದ್ದಕ್ಕೆ ಎಳೆಯುತ್ತದೆ. ಒಂದೇ ಒಂದು ಒಳ್ಳೆಯದು: ನಮ್ಮ ಒಣ ಹವೆಗೆ ತೊಳೆದು ಹಾಕಿದರೆ ಅರ್ಧ ತಾಸಿನಲ್ಲಿ ಒಣಗುತ್ತದೆ.

ಹಾಗಂತ ಗಾಜ್ ಬಟ್ಟೆಯನ್ನೇ ದೂರಬಾರದು. ಅದೇ ಬಟ್ಟೆಯಲ್ಲಿ ಅದಕ್ಕೂ ಏಳೆಂಟು ವರ್ಷ ಮುಂಚೆ ಬಹಳ ಒಳ್ಳೆಯ ಮಾಸ್ಕ್ ತಯಾರಾಗಿತ್ತು. 1910-11ರಲ್ಲಿ ಈಶಾನ್ಯ ಚೀನಾದ ಮಂಚೂರಿಯಾದಲ್ಲಿ ಶ್ವಾಸಕೋಶದ ಪ್ಲೇಗ್ ಎದ್ದು ಸುಮಾರು 60 ಸಾವಿರ ಜನ ಸತ್ತಾಗ, ಈಗಿನ ಮಲೇಷ್ಯಾದ ಪಿನಾಂಗ್‌ನಲ್ಲಿ ಹುಟ್ಟಿದ ವೈದ್ಯ ವೂ ಲಿಯೆನ್-ತೆ ಅದನ್ನು ರೂಪಿಸಿದರು. ರೋಗ ಉಸಿರಿನಿಂದ ಹರಡುತ್ತದೆ ಎಂಬ ಅವರ ಮಾತನ್ನು ಫ್ರೆಂಚ್ ವೈದ್ಯ ಜೆರಾಲ್ಡ್ ಮೆಸ್ನಿ ಒಪ್ಪದೆ, ಮಾಸ್ಕ್ ಇಲ್ಲದೆ ರೋಗಿಗಳನ್ನು ನೋಡಿ, ಕೆಲವೇ ದಿನಗಳಲ್ಲಿ ಅದೇ ರೋಗದಿಂದ ತೀರಿಕೊಂಡರು. ಅದಾದ ಮೇಲೆ ಮಂಚೂರಿಯಾದ ಹಾರ್ಬಿನ್ ನಗರದಲ್ಲಿ ಮಾಸ್ಕಿಗೆ ತಕರಾರು ತೆಗೆಯುವವರು ಕಡಿಮೆಯಾದರು.

ವೂ ಅವರ ಅಳತೆ ಹೀಗಿದೆ: 9 ಇಂಚು ಅಗಲ, 3 ಅಡಿ ಉದ್ದದ ಗಾಜ್ ಪಟ್ಟಿ. ನಮ್ಮ ಗಾಜ್ ಥಾನಿನ ಪನ್ನ ಸಾಮಾನ್ಯವಾಗಿ 90 ಸೆಂಟಿಮೀಟರ್, ಅಂದರೆ ಹೆಚ್ಚುಕಮ್ಮಿ 3 ಅಡಿಯೇ. ಹಾಗಾಗಿ ಥಾನಿಗೆ ಅಡ್ಡಲಾಗಿ 9 ಇಂಚಿಗೊಂದು ಕತ್ತರಿಸುತ್ತ ಹೋದರೆ ಮೀಟರಿಗೆ ನಾಲ್ಕು ಮಾಸ್ಕ್ ಬರುತ್ತವೆ, ಎಂಟೊಂಬತ್ತು ಸೆಂಟಿಮೀಟರ್ ಮಾತ್ರ ಉಳಿಯುತ್ತದೆ. ಪಟ್ಟಿಯನ್ನು ಉದ್ದಕ್ಕೆ ಎರಡಾಗಿ ಮಡಚಿ, ನಟ್ಟನಡುವೆ 4 ಇಂಚು ಅಗಲ, 6 ಇಂಚು ಉದ್ದದ ಹತ್ತಿಯ ಮೆತ್ತೆ ಇಡಬೇಕು. ಔಷಧ ಅಂಗಡಿಯ ಹೀರುವ ಹತ್ತಿಯೇ ಬೇಕು, ದಿಂಬಿನ ಹತ್ತಿ ಬೇಡ, ಅದರಲ್ಲಿ ಕಸ ಇರುತ್ತದೆ, ಮೂಗಿಗೆ ಬರುತ್ತದೆ. ಮೆತ್ತೆ ಎಲ್ಲ ಕಡೆ ಒಂದೇ ದಪ್ಪ ಇರಲಿ, ನಡುವೆ ತೆಳುವಾದರೆ ಗಾಳಿ ಅಲ್ಲೇ ಹಾಯುತ್ತದೆ. ಆಮೇಲೆ ಪಟ್ಟಿಯ ಎರಡೂ ತುದಿಯಿಂದ ಒಳಕ್ಕೆ 15 ಇಂಚು ಉದ್ದದ ಎರಡೆರಡು ಸೀಳು. ಪ್ರತಿ ಕಡೆ ಮೂರು ಬಾಲ ಆಗುತ್ತವೆ. ಮೇಲಿನ ಬಾಲಗಳು ಕಿವಿಯ ಮೇಲಿಂದ ಹೋಗಿ ತಲೆಯ ಹಿಂದೆ, ಕೆಳಗಿನವು ಕಿವಿಯ ಕೆಳಗಿಂದ ಹೋಗಿ ಕತ್ತಿನ ಹಿಂದೆ, ನಡುವಿನವು ನೆತ್ತಿಯ ಮೇಲೆ. ಮೂರು ಗಂಟು.

ಆ ಮೂರನೆಯ ಗಂಟೇ ಇದರ ಜೀವಾಳ. ನೆತ್ತಿಯ ಗಂಟು ಮೆತ್ತೆಯನ್ನು ಮೇಲಕ್ಕೆ ಹಿಡಿದಿಡುವುದರಿಂದ ಮಾತಾಡಿದರೂ ಬಗ್ಗಿದರೂ ಮಾಸ್ಕ್ ಜಾರುವುದಿಲ್ಲ. ಹತ್ತಿಯ ಮೆತ್ತೆ ಮೂಗಿನ ಇಕ್ಕೆಲದ ತಗ್ಗಿಗೆ ತಾನಾಗಿ ತುಂಬಿಕೊಳ್ಳುತ್ತದೆ. 1918ರಲ್ಲಿ ಲಕ್ಷಗಟ್ಟಲೆ ಬೇಗ ತಯಾರಿಸಬೇಕಾದಾಗ ಉಳಿದದ್ದು ಬರೀ ಚೌಕದ ಬಟ್ಟೆ ಮತ್ತು ಲಾಡಿ. ಹತ್ತಿಯೂ ಹೋಯಿತು, ನೆತ್ತಿಯ ಗಂಟೂ ಹೋಯಿತು. ಇವತ್ತು ಇದನ್ನು ಕೊಂಡು ಬಳಸಿ ಎಂದು ಹೇಳುವುದಿಲ್ಲ, ಇದಕ್ಕಿಂತ ಒಳ್ಳೆಯದು ಹತ್ತು ರೂಪಾಯಿಯೊಳಗೆ ಸಿಗುತ್ತದೆ. ಆದರೆ ಶಾಲೆಯ ವಿಜ್ಞಾನ ಮೇಳಕ್ಕೆ ಎರಡನ್ನೂ ಮಾಡಿ ಪಕ್ಕಪಕ್ಕ ಕಟ್ಟಿ ತೋರಿಸಿದರೆ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ.

ಇನ್ನು ಅಂಗಡಿಯ ಮಾಸ್ಕುಗಳಿಗೆ ಬರೋಣ.

ಎರಡು ಪದರ ಕಾಟನ್ನಿನ ಬಟ್ಟೆ ಮಾಸ್ಕ್ 1918ರದ್ದರ ನೇರ ವಂಶದ್ದು. ನೇಯ್ಗೆ ಒತ್ತಾಗಿರುವುದರಿಂದ ಗಾಜ್ ಬಟ್ಟೆಗಿಂತ ಮೇಲು. ಆದರೆ ಬಹಳಷ್ಟರಲ್ಲಿ ಮೂಗಿನ ತಂತಿ ಇರುವುದಿಲ್ಲ, ನಟ್ಟನಡುವೆ ಹೊಲಿಗೆ ಹಾಕಿದ್ದರೆ ಸೂಜಿಯ ತೂತುಗಳು ಸರಿಯಾಗಿ ಬಾಯಿಯ ಎದುರಿಗೇ ಬರುತ್ತವೆ. ಇಲಾಸ್ಟಿಕ್ ನಮ್ಮ ಬಿಸಿಲಿಗೆ ಎರಡು ಮೂರು ತಿಂಗಳಲ್ಲಿ ಸಡಿಲಾಗುತ್ತದೆ. ಹೊಲಿಸುವುದಾದರೆ ಟೇಲರ್‌ಗೆ ಮೂರು ಮಾತು ಹೇಳಿ: ಮೇಲಂಚಿನಲ್ಲಿ 11 ಸೆಂಟಿಮೀಟರ್ ಉದ್ದದ ಕೊಳವೆ ಬಿಟ್ಟು ಬಗ್ಗುವ ತಂತಿ ಹಾಕಲಿ, ಇಲಾಸ್ಟಿಕ್ ಬದಲು ತಲೆಯ ಹಿಂದೆ ಕಟ್ಟುವ ಲಾಡಿ ಇರಲಿ, ಒಳಗೆ ಮೂರನೆಯ ಪದರ ತೂರಿಸಲು ಜೇಬು ಇರಲಿ. ವಿಶ್ವ ಆರೋಗ್ಯ ಸಂಸ್ಥೆ 2020ರ ಜೂನ್‌ನಲ್ಲಿ ಸೂಚಿಸಿದ ಕ್ರಮ ಇದು: ಒಳಗೆ ಹತ್ತಿ, ನಡುವೆ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ಎಳೆಯ ನೇಯದ ಬಟ್ಟೆ, ಹೊರಗೆ ನೀರು ಹೀರದ ಪಾಲಿಯೆಸ್ಟರ್ ಬೆರಕೆ. ಬೈಕ್ ಮೇಲೆ ಮುಖಕ್ಕೆ ಸುತ್ತುವ ದಸ್ತಿ, ಸೆರಗು ಬಿಸಿಲಿಗೂ ಧೂಳಿಗೂ ಸರಿ. ಕೆಮ್ಮನ್ನು ಸ್ವಲ್ಪ ತಡೆದೀತು, ಬೇರೆಯವರ ಜ್ವರದಿಂದ ಕಾಯುವಷ್ಟು ಬಲ ಅದಕ್ಕಿಲ್ಲ.

ನೀಲಿ ಮೂರು ಪದರದ್ದು ದಿನಬಳಕೆಗೆ ನಮ್ಮ ಮೊದಲ ಆಯ್ಕೆ. ಹೊರಗೆ ಒಳಗೆ ಸ್ಪನ್‌ಬಾಂಡ್ ಎಂಬ ನೇಯದ ಜಾಳು ಬಟ್ಟೆ, ನಡುವೆ ಮೆಲ್ಟ್‌ಬ್ಲೋನ್ ಎಂಬ ಅತಿ ಸಣ್ಣ ಎಳೆಗಳ ಒತ್ತಾದ ಬಟ್ಟೆ. ಕೆಲಸವೆಲ್ಲ ನಡುವಿನದು. ಕೊಳ್ಳುವಾಗ ಒಂದನ್ನು ಕತ್ತರಿಯಿಂದ ಕತ್ತರಿಸಿ ನೋಡಿ. ಮೂರು ಪದರ ಬಿಡಿಯಾಗಿ ಬರಬೇಕು, ನಡುವಿನದು ಬೆಳ್ಳಗೆ, ಒತ್ತಾಗಿ, ತೆಳು ಕಾಗದದಂತೆ ಇರಬೇಕು. ಅದು ಇಲ್ಲದೆ ಬರೀ ಜಾಳು ಪದರಗಳೇ ಇದ್ದರೆ ಬೆಲೆ ಎಷ್ಟೇ ಕಡಿಮೆಯಿರಲಿ, ಬೇಡ. ಹೊರಪದರದ ಮೇಲೆ ಒಂದು ಹನಿ ನೀರು ಬಿಟ್ಟರೆ ಮುತ್ತಿನಂತೆ ನಿಲ್ಲಬೇಕು, ಹೀರಿಕೊಳ್ಳಬಾರದು. ಪೆಟ್ಟಿಗೆಯ ಮೇಲೆ ಐಎಸ್ 16289 ಎಂದು ಇದ್ದರೆ ಅದು ಸರ್ಜಿಕಲ್ ಮಾಸ್ಕಿನ ಭಾರತೀಯ ಮಾನದಂಡ. 2020ರ ಮಾರ್ಚ್‌ನಲ್ಲಿ ಕೊರತೆ ಬಿದ್ದಾಗಲೇ ಕೇಂದ್ರ ಸರ್ಕಾರ ಇದಕ್ಕೆ ಕಟ್ಟಿದ ಗರಿಷ್ಠ ಬೆಲೆ 10 ರೂಪಾಯಿ. ಈಗ ಅದಕ್ಕಿಂತ ಹೆಚ್ಚು ಕೇಳಿದರೆ ಮುಂದಿನ ಅಂಗಡಿಗೆ ಹೋಗಿ.

ಇದರ ದೋಷವೂ 1918ರದ್ದೇ: ಕೆನ್ನೆಯ ಸಂದು. ಕಿವಿಯ ದಾರವನ್ನು ಎಂಟರ ಆಕಾರದಲ್ಲಿ ತಿರುವಿ ಹಾಕಿದರೆ ಬಿಗಿಯಾಯಿತು ಅನಿಸುತ್ತದೆ, ಆದರೆ ಪಕ್ಕದಲ್ಲಿ ಸೊಟ್ಟಗೆ ಬಾಯಿ ತೆರೆಯುತ್ತದೆ. ಅದರ ಬದಲು ದಾರ ಮಾಸ್ಕಿಗೆ ಸೇರುವ ಜಾಗದಲ್ಲೇ, ಅಂಚಿಗೆ ಒತ್ತಿ ಒಂದು ಗಂಟು ಹಾಕಿ, ಪಕ್ಕದ ಮಡಿಕೆಯನ್ನು ಒಳಕ್ಕೆ ತೂರಿಸಿ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2021ರಲ್ಲಿ ಇದನ್ನು ಯಂತ್ರದ ಕೆಮ್ಮಿನ ಮೇಲೆ ಪರೀಕ್ಷಿಸಿತ್ತು. ಸುಮ್ಮನೆ ಹಾಕಿದಾಗ ಅರ್ಧಕ್ಕಿಂತ ತುಸು ಹೆಚ್ಚು ಕಣ ತಡೆದ ಮಾಸ್ಕ್, ಗಂಟು ಹಾಕಿದ ಮೇಲೆ ಸುಮಾರು ಮುಕ್ಕಾಲು ಪಾಲು ತಡೆಯಿತು. ಮೇಲೊಂದು ಬಟ್ಟೆ ಮಾಸ್ಕ್ ಕಟ್ಟಿ ಒತ್ತಿ ಹಿಡಿದರೆ ಇನ್ನೂ ಹೆಚ್ಚು. ಬಣ್ಣದ ಕಡೆ ಹೊರಗೆ, ಮಡಿಕೆಗಳ ಬಾಯಿ ಕೆಳಗೆ. ತಂತಿಯನ್ನು ಎರಡೂ ಕೈಯ ಬೆರಳಿನಿಂದ ನಡುವಿನಿಂದ ಪಕ್ಕಕ್ಕೆ ಒತ್ತುತ್ತ ಹೋಗಿ. ಒಂದೇ ಕೈಯಲ್ಲಿ ಚಿವುಟಿದರೆ ನಡುವೆ ಕೊಕ್ಕೆಯಾಗಿ ಎರಡು ಕಡೆ ತೂತು ಉಳಿಯುತ್ತದೆ. ಕನ್ನಡಕದ ಮೇಲೆ ಮಂಜು ಕವಿದರೆ ತಂತಿ ಕೂತಿಲ್ಲ ಎಂದರ್ಥ.

ಎನ್95 ಎಂದರೆ ಎಣ್ಣೆಯ ಅಂಶವಿಲ್ಲದ 0.3 ಮೈಕ್ರಾನ್ ಕಣಗಳಲ್ಲಿ ನೂರಕ್ಕೆ 95 ಪಾಲನ್ನಾದರೂ ತಡೆಯುವ ಸೋಸು. ಭಾರತದಲ್ಲಿ ಇದಕ್ಕೆ ಹತ್ತಿರದ್ದು ಐಎಸ್ 9473 ಮಾನದಂಡದ ಎಫ್‌ಎಫ್‌ಪಿ2. ಐಎಸ್‌ಐ ಗುರುತಿನ ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಸಂಖ್ಯೆಯನ್ನು ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಿದರೆ ಪರವಾನಗಿ ಯಾರದೆಂದು ಬರುತ್ತದೆ. ಕೆಲ್ಲಾಗ್ ಎದುರಿಸಿದ ಕಗ್ಗಂಟು ಬಿಡಿಸಿದ್ದು ಇದರ ಬಟ್ಟೆ. ಎಳೆಗಳ ಮೇಲೆ ಸ್ಥಾಯಿ ವಿದ್ಯುತ್ ನಿಲ್ಲಿಸಿರುವುದರಿಂದ ಪದರ ದಪ್ಪವಿಲ್ಲದೆಯೂ ಸಣ್ಣ ಕಣಗಳು ಎಳೆಗೆ ಅಂಟಿಕೊಳ್ಳುತ್ತವೆ, ಉಸಿರಾಟಕ್ಕೆ ಅಷ್ಟು ತಡೆ ಬರುವುದಿಲ್ಲ. ಆದ್ದರಿಂದಲೇ ಇದನ್ನು ಸೋಪಿನಲ್ಲಿ ತೊಳೆಯಬಾರದು, ಸ್ಯಾನಿಟೈಸರ್ ಸಿಂಪಡಿಸಬಾರದು. ಆ ವಿದ್ಯುತ್ ಹೋಗುತ್ತದೆ, ಮಾಸ್ಕ್ ನೋಡಲು ಹೊಸದರಂತೆಯೇ ಇರುತ್ತದೆ. ಮತ್ತೆ ಬಳಸುವುದಿದ್ದರೆ ಐದು ಮಾಸ್ಕ್ ಇಟ್ಟುಕೊಂಡು ದಿನಕ್ಕೊಂದರಂತೆ ಬಳಸಿ, ಬಳಸಿದ್ದನ್ನು ಕಾಗದದ ಕವರಿನಲ್ಲಿ ಇಡಿ. ಪ್ಲಾಸ್ಟಿಕ್ ಚೀಲದಲ್ಲಿ ಬೆವರು ಆರುವುದಿಲ್ಲ. ದಾರ ಸಡಿಲಾದರೆ, ಮಡಿಕೆ ಮುರಿದರೆ ಎಸೆಯಿರಿ.

ಕಿವಿಗೆ ಹಾಕುವುದಕ್ಕಿಂತ ತಲೆಯ ಹಿಂದೆ ಎರಡು ಪಟ್ಟಿ ಬರುವುದು ಮುಖಕ್ಕೆ ಬಿಗಿಯಾಗಿ ಕೂರುತ್ತದೆ, ವೂ ಅವರ ಬಾಲಗಳ ತತ್ವವೇ ಇಲ್ಲಿಯೂ. ಗಡ್ಡವಿದ್ದರೆ ಅಂಚು ಕೂರುವುದಿಲ್ಲ. ಕವಾಟ, ಅಂದರೆ ಉಸಿರು ಹೊರಬಿಡುವ ವಾಲ್ವ್ ಇರುವ ಎನ್95 ಹಿತವೆನಿಸುತ್ತದೆ, ಆದರೆ ಬಿಟ್ಟ ಉಸಿರು ಸೋಸದೆಯೇ ಹೊರಬರುತ್ತದೆ. ಜ್ವರದ ಕಾಲಕ್ಕೆ ಅದು ತಪ್ಪು ಸರಕು. 2020ರ ಜುಲೈನಲ್ಲಿ ಕೇಂದ್ರ ಆರೋಗ್ಯ ಇಲಾಖೆ ಜನಸಾಮಾನ್ಯರಿಗೆ ಅದು ಬೇಡವೆಂದು ಹೇಳಿದ್ದು ಇದಕ್ಕೇ. ಗಂಜ್‌ನ ತೊಗರಿ ಬೇಳೆ ಮಿಲ್ಲುಗಳಲ್ಲಿ, ವಾಡಿಯ ಸಿಮೆಂಟ್ ಧೂಳಿನಲ್ಲಿ, ಶಹಾಬಾದ್ ಕಲ್ಲು ಕೊಯ್ಯುವಲ್ಲಿ ಕವಾಟದ್ದೇ ಮೇಲು, ಅಲ್ಲಿ ಕಾಯಬೇಕಾದದ್ದು ಕೆಲಸಗಾರನ ಎದೆಯನ್ನು. ಬೀದರಿನಲ್ಲಿ ಬಿದರಿ ಸಾಮಾನಿಗೆ ಅರ ಹಾಕುವವರಿಗೂ ಇದೇ ಮಾತು. ಕಪ್ಪು ಬಣ್ಣ ಏರಿಸುವಾಗ ಏಳುವ ನವಸಾಗರದ ಹೊಗೆಯನ್ನು ಮಾತ್ರ ಇದರ ಮೇಲೆ ಭಾರ ಹಾಕಿ ಬಿಡಬೇಡಿ, ಆ ಹಂತವನ್ನು ಗಾಳಿ ಆಡುವ ಜಾಗದಲ್ಲೇ ಮಾಡಬೇಕು. ಧೂಳಿಗೆ ಬಳಸಿದ ಮಾಸ್ಕನ್ನು ಆಸ್ಪತ್ರೆಗೆ ಕಟ್ಟಿಕೊಂಡು ಹೋಗಬೇಡಿ, ಧೂಳು ತುಂಬಿದ ಸೋಸಿನಲ್ಲಿ ಉಸಿರು ಹತ್ತದೆ ಮತ್ತೆ ಅಂಚಿನ ಗಾಳಿಯೇ ಗತಿಯಾಗುತ್ತದೆ.

ಮೇಣದಬತ್ತಿ ಆರಿಸುವ ಪರೀಕ್ಷೆಯನ್ನು ಅಂಗಡಿಯವರು ಈಗಲೂ ತೋರಿಸುತ್ತಾರೆ. ಒಂದು ಗೇಣು ದೂರದಿಂದ ಊದಿದಾಗ ದೀಪ ಆರಿದರೆ ಮಾಸ್ಕ್ ಜಾಳು ಎಂಬುದು ಖಚಿತ. ಆರದಿದ್ದರೆ ಒಳ್ಳೆಯದೆಂದು ಮಾತ್ರ ಹೇಳಲಾಗದು, ಗಾಳಿ ಮೂಗಿನ ಪಕ್ಕದಿಂದ ಕಣ್ಣಿನ ಕಡೆ ಹೋಗಿದ್ದರೂ ದೀಪ ಆರುವುದಿಲ್ಲ. ಅದಕ್ಕಿಂತ ಎರಡೂ ಅಂಗೈಯನ್ನು ಮಾಸ್ಕಿನ ಅಂಚಿನ ಹತ್ತಿರ ಹಿಡಿದು ಜೋರಾಗಿ ಉಸಿರು ಬಿಟ್ಟು ನೋಡಿ. ಎಲ್ಲಿ ಬೆಚ್ಚಗೆ ತಾಗುತ್ತದೋ ಅಲ್ಲಿ ಸಂದು ಇದೆ.

ಯಾರಿಗೆ ಯಾವುದು? ಜ್ವರದವರನ್ನು ನೋಡಿಕೊಳ್ಳುವವರಿಗೆ, ಆಸ್ಪತ್ರೆಯಲ್ಲಿ ಕೂರುವವರಿಗೆ, ಉಬ್ಬಸ ಇದ್ದು ಗರ್ದಿಗೆ ಹೋಗಬೇಕಾದವರಿಗೆ ಕವಾಟವಿಲ್ಲದ ಎಫ್‌ಎಫ್‌ಪಿ2. ಕೆಮ್ಮುವವರು ಮನೆಯೊಳಗೂ ಕಟ್ಟುವುದಕ್ಕೆ, ಬಸ್ಸಿಗೆ, ಮದುವೆ ಮನೆಗೆ ಗಂಟು ಹಾಕಿದ ಮೂರು ಪದರದ್ದು. ಜಾತ್ರೆ, ಉರುಸಿನ ಬಯಲಿನಲ್ಲಿ ಬಿಸಿಲಿಗೆ ಬಟ್ಟೆಯದು ಸಾಕು. ತೇರಿನ ಹಗ್ಗದ ಹತ್ತಿರ, ದರ್ಗಾದ ಒಳಗೆ, ಪ್ರಸಾದದ ಸಾಲಿನಲ್ಲಿ ಮೂರು ಪದರದ್ದು ಹಾಕಿಕೊಳ್ಳಿ. ಉಸಿರು ಕಟ್ಟಿದರೆ ಗದ್ದಕ್ಕೆ ಇಳಿಸುವ ಬದಲು ಜನರಿಂದ ದೂರ ನೆರಳಿಗೆ ಹೋಗಿ, ಪೂರ್ತಿ ತೆಗೆದು, ನೀರು ಕುಡಿದು, ಒದ್ದೆಯಾಗಿದ್ದರೆ ಬೇರೆಯದು ಹಾಕಿಕೊಳ್ಳಿ. ಎರಡು ಮಾಸ್ಕ್ ಜೇಬಿನಲ್ಲಿರಲಿ.

ದೊಡ್ಡವರ ಮೂರು ಪದರದ ಮಾಸ್ಕಿನ ಅಳತೆ ಸುಮಾರು 17.5 × 9.5 ಸೆಂಟಿಮೀಟರ್. ಸಣ್ಣ ಮುಖದವರಿಗೆ, ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ ಇದು ಸಡಿಲ, ಮಕ್ಕಳ ಅಳತೆಯದೇ ಕೇಳಿ. ಐವತ್ತರ ಪೆಟ್ಟಿಗೆ ಕೊಳ್ಳುವ ಮುಂಚೆ ಒಂದನ್ನು ಬಿಡಿಯಾಗಿ ಕೊಂಡು, ಅಂಗಡಿಯ ಹೊರಗೆ ಕಟ್ಟಿಕೊಂಡು, ಕನ್ನಡಕ ಹಾಕಿಕೊಂಡು ಐದು ನಿಮಿಷ ಮಾತಾಡಿ ನೋಡಿ. ಮಾತಾಡುವಾಗ ಮೂಗಿನಿಂದ ಜಾರಿದರೆ ಆ ಪೆಟ್ಟಿಗೆ ಬೇಡ.